ಚೆಂಡೂವ ಅಲ್ಲ

ಚೆಂಡೂವ. ಅಲ್ಲ, ಅದಲ್ಲ. ಅದರ ಹಾಗೇ ಕೇಳಿಸುವ ಇನ್ನೊಂದು. ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಕೂತಿದೆ, ಇಳಿಯುತ್ತಿಲ್ಲ. ಚೆಂಡುಹೂವಿಗೆ ನಮ್ಮ ಪಿರಿಯಾಪಟ್ಟಣದ ಕಡೆ ಚೆಂಡೂವ ಅನ್ನುತ್ತಾರೆ. ಹಕಾರ ನಮಗೆ ಭಾರ, ದಾರಿಯಲ್ಲೇ ಇಳಿಸಿಬಿಡುತ್ತೇವೆ. ನನಗೆ ಬೇಕಾದ ಪದ ಅದರ ಪಕ್ಕದ ಮನೆಯದು. ಅದನ್ನು ಕಟ್ಟಿದ್ದು ನಾಲ್ಕು ವರ್ಷದ ಒಂದು ಹುಡುಗಿ.

ಇಲ್ಲಿ ಭೋಪಾಲದಲ್ಲಿ ಮೊಮ್ಮಗಳ ಶಾಲೆಯವರು ವಸಂತದ ಹೂವಿನ ಚಿತ್ರ ಮಾಡಿ ತರಲು ಹೇಳಿದ್ದಾರೆ, ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಬೇಕಂತೆ. ಅವಳು ಅಡುಗೆಮನೆಯಿಂದ ಬೆಂಡೆಕಾಯಿ ತಂದು, ಅಡ್ಡಲಾಗಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿದಳು. ಐದು ಎಸಳಿನ ಹೂವು ಮೂಡಿತು. ‘ಇದಕ್ಕೊಂದು ಹೆಸರಿದೆ’ ಅಂದುಬಿಟ್ಟೆ. ಏನಜ್ಜಿ ಅಂದಳು. ಅಲ್ಲಿ ಸಿಕ್ಕಿಕೊಂಡೆ.

ಹೇಳುತ್ತಾ ಹೋದರೆ ಬಂದೀತು. ತೊಂಬತ್ತರ ದಶಕದಲ್ಲಿ ಹಾರನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಿದ್ದೆ. ಚಿಕ್ಕ ಮಕ್ಕಳಿರುವ ಕಡೆ ನಗು ಬರುವಂಥದ್ದು ದಿನಾ ಏನಾದರೂ ನಡೆಯುತ್ತದೆ. ನಗುವ ಸ್ಥಿತಿಯಲ್ಲಿ ನೀವಿದ್ದೀರೋ ಇಲ್ಲವೋ ಅಂತ ಅದು ಕೇಳುವುದಿಲ್ಲ.

ಬೇಡದ್ದು

ಹುಣಸೂರಿನಲ್ಲಿ ನಮಗೊಂದು ತರಬೇತಿ ಆಯಿತು. ಬಣ್ಣ ಇಲ್ಲ, ಕುಂಚ ಇಲ್ಲ ಅಂತ ಕೂರಬೇಡಿ, ಮನೆಯಲ್ಲಿ ಬೇಡವಾಗಿ ಬಿದ್ದಿರುವ ಸಾಮಾನಿನಿಂದಲೇ ಮಕ್ಕಳ ಕೈಲಿ ಹೂವು ಬರೆಸಿ ಅಂದರು. ಮರಳಿ ಬಂದು ಮಕ್ಕಳಿಗೆ ನಾನೂ ಹಾಗೇ ಹೇಳಿದೆ. ಮನೆಯಲ್ಲಿ ಬೇಡದೇ ಇರುವುದು ಏನಿದೆಯೋ ನಾಳೆ ತನ್ನಿ.

ಒಬ್ಬ ಅಪ್ಪನ ಹಲ್ಲುಜ್ಜುವ ಬ್ರಷ್ಷು ತಂದ, ಅದಿನ್ನೂ ಒದ್ದೆಯಾಗಿತ್ತು. ಒಬ್ಬಳು ಒಡೆದ ಬಳೆ ತಂದಳು, ಇನ್ನೊಬ್ಬ ಟಾರ್ಚಿನ ಸತ್ತ ಸೆಲ್ಲು. ಬಲಿತ ಬೆಂಡೆಕಾಯಿಯಂತೂ ಎಲ್ಲರ ಕೈಯಲ್ಲೂ. ತುದಿ ಮುರಿಯದ ಬೆಂಡೆಕಾಯಿ ಸಾರಿಗೆ ಬಾರದು, ಹೂವು ಒತ್ತುವುದಕ್ಕೆ ಅದೇ ಸರಿ.

ಒಂದು ಹುಡುಗಿ ಮಾತ್ರ ಏನೂ ತಂದಿರಲಿಲ್ಲ. ಅವಳು ಮಾತೂ ಆಡುತ್ತಿರಲಿಲ್ಲ. ತಾಯಿ ಎರಡನೇ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಇದ್ದ ಮಾತೂ ನಿಂತುಹೋಯಿತಂತೆ. ಅಪ್ಪ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ, ಯಾವಾಗಲೋ ಬಂದುಹೋಗುತ್ತಿದ್ದ. ಮನೆಯಲ್ಲಿದ್ದದ್ದು ಅವಳು ಮತ್ತು ತಾಯಿಯ ತಾಯಿ. ಆ ಅಜ್ಜಿಗೆ ಕಿವಿ ಮಂದ. ಕಿವಿಯ ಹತ್ತಿರ ಕೂಗಿದರೆ ಅರ್ಧ ಕೇಳಿಸುತ್ತಿತ್ತು, ಉಳಿದರ್ಧ ತಾವೇ ಸೇರಿಸಿಕೊಳ್ಳುತ್ತಿದ್ದರು. ಬೇಸಿಗೆ ಕಳೆಯುವುದರೊಳಗೆ ಮಗು ಬಾಯಿ ಬಿಡದಿದ್ದರೆ ಮೈಸೂರಿನ ಮಾತು ಬಾರದ ಮಕ್ಕಳ ಶಾಲೆಗೆ ಸೇರಿಸುತ್ತೇನೆ, ಅಲ್ಲೇ ಇದ್ದು ಕಲಿಯಲಿ ಅಂತ ಅಪ್ಪ ಹೇಳಿಹೋಗಿದ್ದ. ಅಜ್ಜಿ ದಿನಾ ಬೆಳಿಗ್ಗೆ ಅವಳನ್ನು ತಂದು ನನ್ನ ಮುಂದೆ ಕೂರಿಸಿ ಅದನ್ನೇ ಹೇಳುತ್ತಿದ್ದರು. ‘ಒಂದ್ ಮಾತ್ ಆಡುಸ್ಕೊಡು ನನ್ನವ್ವ. ಇದ್ನೂ ಕರ್ಕೊಂಡೋದ್ರೆ ನಂಗಿನ್ಯಾರವ್ರೆ.’

ಆವತ್ತೂ ಅಜ್ಜಿಯ ಕೈ ಹಿಡಿದೇ ಬಂದಳು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ‘ಟೀಚರ್, ಬ್ಯಾಡ್ದೆ ಇರೋದು ತನ್ನಿ ಅಂದ್ರಲ್ಲ, ಇವ್ಳು ಅಜ್ಜೀನೆ ತಂದವ್ಳೆ.’

ಮಕ್ಕಳೆಲ್ಲ ನಕ್ಕವು. ಮಕ್ಕಳು ನಗುತ್ತಿವೆಯಲ್ಲ ಅಂತ, ಏನೂ ಕೇಳಿಸದ ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಅಜ್ಜಿಯ ಸೆರಗು ಹಿಡಿದು ಎಳೆದುಕೊಂಡು ಹೋಗಿ, ಬೆಂಡೆಕಾಯಿ ರಾಶಿಯಿಂದ ದೂರ, ಬಾಗಿಲ ಹತ್ತಿರ ಕೂರಿಸಿದಳು. ಕೈಯಲ್ಲಿ ಚಾಕು ಹಿಡಿದು ನಿಂತಿದ್ದವಳು ನಾನು. ಅಜ್ಜಿಯನ್ನೂ ಹೆಚ್ಚಿಬಿಟ್ಟೇನು ಅಂದುಕೊಂಡಿರಬೇಕು.

ಯುಗಾದಿ ಎಲ್ಲಿದೆ

ಕಾಗದಕ್ಕೆ ಹಳೆಯ ಕ್ಯಾಲೆಂಡರ್ ಹಾಳೆ ತರಲು ಹೇಳಿದ್ದೆ. ಹಿಂಬದಿ ಖಾಲಿ ಇರುತ್ತದಲ್ಲ, ಅದರ ಮೇಲೆ ಹೂವು ಒತ್ತಿಸಿ, ಅನ್ನದ ಗಂಜಿ ಹಚ್ಚಿ ಗೋಡೆಗೆ ಅಂಟಿಸಿದೆವು. ಗೋಡೆ ತುಂಬ ಹೂವು. ಹೋಗುವವರು ಬರುವವರು ಇಣುಕಿ ನೋಡುತ್ತಿದ್ದರು.

ಒಂದು ದಿನ ಆ ಹಿಂದಿನ ಸಾಲಿನ ಹುಡುಗನ ತಾಯಿ ಬಂದು ಗೋಡೆಯನ್ನೇ ನೋಡುತ್ತಾ ನಿಂತಳು. ಚೆನ್ನಾಗಿದೆಯಾ ಅಂತ ಕೇಳಿದೆ.

‘ಚೆಂದಾಗದೆ ಟೀಚರಮ್ಮ. ಅಬ್ಬ ಯಾವತ್ತು ಅಂತ ನೋಡ್ಬೇಕಿತ್ತು.’

ಮನೆಯಲ್ಲಿ ಕ್ಯಾಲೆಂಡರ್ ಇಲ್ಲವಾ ಅಂದೆ.

‘ಅದೆ. ಇವ್ನು ಓದೊರ್ಸದ್ದು ಬುಟ್ಟು ಈ ವರ್ಸದ್ದೇ ಕಿತ್ಕೊಂಡ್ ಬಂದವ್ನೆ. ನಮ್ಮನೆ ಉಗಾದಿ ನಿಮ್ ಗ್ವಾಡೆ ಮ್ಯಾಲದೆ.’

ನೀರು ಚಿಮುಕಿಸಿ ಮೆಲ್ಲಗೆ ಬಿಡಿಸಿದೆ. ಮೇಲಿನ ಅರ್ಧ ಕೈಗೆ ಬಂತು, ಕೆಳಗಿನ ಅರ್ಧ ಗೋಡೆ ಬಿಡಲಿಲ್ಲ. ಅವಳು ಹರಿದ ಹಾಳೆಯನ್ನು ತಿರುಗಿಸಿ ನೋಡಿದಳು. ‘ಓಗ್ಲಿ ಬುಡಿ, ಅಮಾಸೆ ಸಿಕ್ತು. ಮಾರ್ನೆಗೆ ಉಗಾದಿ ತಾನೇ ಬತ್ತದೆ, ಎಲ್ಲೋದದು.’

ಮದ್ದು

ಅರಿಶಿನದಿಂದ ಹಳದಿ ಮಾಡಿದೆ, ಸೊಪ್ಪು ಅರೆದು ಹಸಿರು, ಬಟ್ಟೆಯ ನೀಲಿಯಿಂದ ನೀಲಿ. ಕೆಂಪಿಗೆ ಆರತಿಯ ಓಕುಳಿಗೆ ಕಲಸುವ ಹಾಗೆ ಅರಿಶಿನಕ್ಕೆ ಸುಣ್ಣ ಹಾಕಿ ಕಲಸಿದೆ. ಆ ಹುಡುಗಿಗೆ ಕೆಂಪೆಂದರೆ ಪ್ರಾಣ. ಬೆಂಡೆಕಾಯಿ ಸಾಲದೆ ಎರಡು ಕೈಯನ್ನೂ ಬಟ್ಟಲಿಗೆ ಅದ್ದಿಬಿಟ್ಟಳು.

ಮಧ್ಯಾಹ್ನ ಕರೆದೊಯ್ಯಲು ಬಂದ ಅಜ್ಜಿ ಕೈ ನೋಡಿದ್ದೇ ಎದೆ ಬಡಿದುಕೊಂಡರು. ರಕ್ತ ಅಲ್ಲ ಅಂತ ಹೇಳೋಣವೆಂದು ಅವರ ಕಿವಿಗೆ ಬಾಯಿಟ್ಟು ‘ಅರಿಶಿನ, ಸುಣ್ಣ’ ಅಂತ ಕೂಗಿದೆ.

‘ಊಂ ಕಣವ್ವ, ಅದೇ ಮದ್ದು’ ಅಂದರು. ನಮ್ಮ ಸಹಾಯಕಿಯ ಡಬ್ಬಿಯಿಂದ ಅರಿಶಿನ ಕಿತ್ತುಕೊಂಡರು, ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದರು, ಎರಡನ್ನೂ ಮಗುವಿನ ಅಂಗೈಗೆ ತಿಕ್ಕಿದರು. ತಿಕ್ಕಿದಷ್ಟೂ ಕೆಂಪು ಏರಿತು. ‘ನಿಲ್ತಾನೇ ಇಲ್ವಲ್ಲವ್ವ’ ಅಂತ ಅಳುತ್ತಾ ಇನ್ನಷ್ಟು ಹಚ್ಚಿದರು.

ಗಾಯ ಇಲ್ಲ ಅಂತ ತೋರಿಸಲು ಹುಡುಗಿ ಆ ಒದ್ದೆ ಕೈಯನ್ನು ಅಜ್ಜಿಯ ಕೆನ್ನೆಗೆ ಒತ್ತಿದಳು. ಅಜ್ಜಿ ಕೆನ್ನೆ ಮುಟ್ಟಿಕೊಂಡು, ಬೆರಳು ನೋಡಿಕೊಂಡು, ತಮ್ಮ ಕೆನ್ನೆಗೂ ಸುಣ್ಣ ಹಚ್ಚಿಕೊಂಡರು. ಆವತ್ತು ಹುಡುಗಿಯ ಹಲ್ಲು ಮೊದಲ ಸಲ ನೋಡಿದೆ. ಸದ್ದು ಮಾತ್ರ ಬರಲಿಲ್ಲ.

ಹೆಸರು

ಬೇಸಿಗೆ ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ಅಪ್ಪ ಚೀಲ ಹಿಡಿದು ಅಂಗನವಾಡಿಗೇ ಬಂದ. ಅಜ್ಜಿ ಅಂಗಳದಲ್ಲಿ ನಿಂತುಕೊಂಡರು, ಒಳಗೆ ಬರಲಿಲ್ಲ. ಮೈಸೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆಟ್ಟವನಲ್ಲ ಅವನು, ಮಗಳ ಕಡೆ ನೇರವಾಗಿ ನೋಡಲಾರದೆ ಗೋಡೆ ನೋಡುತ್ತಾ ಕೂತ. ಅವಳ ಚಿತ್ರ ಯಾವುದು ಅಂದ. ಕೆಂಪಗಿದ್ದುದನ್ನು ತೋರಿಸಿದೆ. ಅವಳು ನೆಲದ ಮೇಲೆ ಕೂತು ಇನ್ನೊಂದನ್ನು ಒತ್ತುತ್ತಿದ್ದಳು.

‘ಚೆಂದಾಗದೆ ಕಣ್ ಮಗ’ ಅಂದ. ‘ಚೆಂಡೂವ ಅಲ್ವಾ?’

ಅವಳು ತಲೆ ಎತ್ತಲಿಲ್ಲ. ‘ಚೆಂಡೂವ ಅಲ್ಲ. ಬೆಂಡೂವ.’

ಬೆಂಡೂವ. ಬಂತು ನೋಡಿ. ಬೆಂಡೆಕಾಯಿಯ ಹೂವು ಬೆಂಡೂವ. ಯಾರೂ ಹೇಳಿಕೊಟ್ಟಿದ್ದಲ್ಲ. ಬಾಯಿ ಮುಚ್ಚಿಕೊಂಡೇ ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದಳೋ.

ಏನಂದೆ ಮಗ ಅಂತ ಅಪ್ಪ ಕೇಳಿದ. ಅವಳು ಬೆಂಡೆಕಾಯಿ ಬಣ್ಣಕ್ಕೆ ಅದ್ದಿದಳು. ಎರಡನೇ ಸಲ ಕೇಳಿದ. ಕಾಗದಕ್ಕೆ ಒತ್ತಿದಳು. ಆಮೇಲೆ ಅವನಿಗೇನು ಹೊಳೆಯಿತೋ, ‘ಓ, ಚೆಂಡೂವ’ ಅಂದ. ‘ಬೆಂಡೂವ’ ಅಂದಳು, ಸಿಟ್ಟಿನಿಂದ. ‘ಅದೇ ಕಣ, ಚೆಂಡೂವ.’ ‘ಬೆಂಡೂವ!’ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವನು ಬೇಕೆಂದೇ ತಪ್ಪು ಹೇಳುತ್ತಾ ಹೋದ, ಅವಳು ತಿದ್ದುತ್ತಾ ಹೋದಳು. ಮೈಸೂರು ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

‘ಇದುಕ್ಕೆ ಮಾತ್ ಬತ್ತದೆ ಟೀಚರಮ್ಮ’ ಅಂದ. ‘ಮನೇಲಿ ಕೇಳೋರಿಲ್ಲ, ಅಷ್ಟೆಯ.’

ನಾನು ಅಂಗಳಕ್ಕೆ ಓಡಿ ಅಜ್ಜಿಯ ಕಿವಿಯಲ್ಲಿ ಕೂಗಿದೆ. ಮಗು ಮಾತಾಡಿತು, ಬೆಂಡೂವ ಅಂದಿತು. ಮರುದಿನ ಬೆಳಿಗ್ಗೆ ಅಜ್ಜಿ ಮಡಿಲ ತುಂಬ ಚೆಂಡುಹೂವು ತುಂಬಿಕೊಂಡು ಬಂದರು. ‘ಮಗ ಬಾಯ್ಬುಟ್ಟು ಕೇಳ್ತು, ಅದ್ಕೆ ತಂದೆ.’

ಹುಡುಗಿ ಬೆಂಚು ಹತ್ತಿ ಅಜ್ಜಿಯ ಕಿವಿಗೆ ಎರಡು ಕೈ ಬೊಗಸೆ ಮಾಡಿಟ್ಟು ಕೂಗಿದಳು. ‘ಚೆಂಡೂವ ಅಲ್ಲ ಕಣಜ್ಜಿ, ಬೆಂಡೂವ!’

‘ಊಂ ಮಗ’ ಅಂದರು ಅಜ್ಜಿ. ‘ಚೆಂಡೂವನೇ ಕಣ. ಇನ್ನೂ ಬೇಕಾ?’

ಆಮೇಲೆ ಆ ಮನೆಯ ಹಿತ್ತಲಲ್ಲಿ ಚೆಂಡುಹೂವು ಬಿಟ್ಟು ಬೇರೆ ಹಾಕಲಿಲ್ಲ. ಮಗುವಿನ ಮೊದಲ ಮಾತು ಅಂತ ಅಜ್ಜಿ ಊರೆಲ್ಲ ಹೇಳಿಕೊಂಡು ತಿರುಗಿದರು. ಹುಡುಗಿ ಹಿಂದಿನಿಂದ ತಿದ್ದಿಕೊಂಡು ಓಡಾಡಿದಳು. ಹಾಗೆ ತಿದ್ದುತ್ತಲೇ ಅವಳಿಗೆ ಉಳಿದ ಮಾತೂ ಬಂತು.

ಅವಳು ದೊಡ್ಡ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಜ್ಜಿ ತೀರಿಕೊಂಡರು. ಚಟ್ಟದ ಮೇಲೆ ಅದೇ ಹಿತ್ತಲಿನ ಚೆಂಡುಹೂವು ರಾಶಿ ಹಾಕಿದ್ದರು. ಹುಡುಗಿ ಅದರ ನಡುವೆ ಒಂದು ಬಲಿತ ಬೆಂಡೆಕಾಯಿ ತಂದು ಇಟ್ಟಳು. ಇದೇನವ್ವ ಇದು ಅಂತ ಯಾರೋ ಗದರಿದರು. ಅವಳು ಬಗ್ಗಿ, ಅಜ್ಜಿಯ ಕಿವಿಗೆ ಎರಡು ಕೈ ಬೊಗಸೆ ಮಾಡಿಟ್ಟು, ಊರಿಗೇ ಕೇಳಿಸುವ ಹಾಗೆ ಕೂಗಿದಳು. ‘ಚೆಂಡೂವ ಅಲ್ಲ ಕಣಜ್ಜಿ.’

ಮೊದಲು ನಕ್ಕವನು ಅವಳ ಅಪ್ಪ. ಆಮೇಲೆ ನಾವೆಲ್ಲ ನಕ್ಕೆವು, ಅಳುತ್ತಲೇ ನಕ್ಕೆವು. ಅಷ್ಟು ನಕ್ಕ ಸಾವಿನ ಮನೆಯನ್ನು ನಾನು ಮತ್ತೆ ಕಂಡಿಲ್ಲ.

ಮೊಮ್ಮಗಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಾಳೆ. ಚಿತ್ರದ ಕೆಳಗೆ ಹೂವಿನ ಹೆಸರು ಹಾಕಬೇಕಂತೆ. ಕನ್ನಡದ ಅಕ್ಷರ ಅವಳಿಗೆ ಬಾರದು. ಪರವಾಗಿಲ್ಲ, ನಿನಗೆ ಬರುವ ಅಕ್ಷರದಲ್ಲೇ ಬರಿ ಪುಟ್ಟಿ, ಬೇಗ ಬರಿ, ನನಗೆ ಮತ್ತೆ ಮರೆತುಹೋಗುತ್ತೆ. ಚ ಅಲ್ಲ. ಬ.