ನಡುಮನೆಯ ದಿಬ್ಬ

ಕಡಲತೀರದ ಮರಳುದಿಬ್ಬ ಸಂರಕ್ಷಣಾ ಕಚೇರಿಗೆ ಸ್ವಂತ ಕಟ್ಟಡವಿಲ್ಲದಿರುವುದೇ ದಿಬ್ಬಕ್ಕೆ ಒದಗಿರುವ ಅತಿ ದೊಡ್ಡ ಅಪಾಯವೆಂದು ಅಧಿಕೃತವಾಗಿ ತೀರ್ಮಾನವಾಗಿತ್ತು. ಕಚೇರಿ ಇದ್ದದ್ದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ. ಗಿರಣಿ ಶುರುವಾದರೆ ಮೇಜು, ಕುರ್ಚಿ, ನಿರ್ದೇಶಕರ ಮೂಗಿನ ಮೇಲಿನ ಕನ್ನಡಕ ಎಲ್ಲವೂ ನಡುಗುತ್ತಿದ್ದವು. ಕಿಟಕಿ ತೆರೆದರೆ ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಕಾಣುತ್ತಿತ್ತೇ ಹೊರತು ದಿಬ್ಬ ಕಾಣುತ್ತಿರಲಿಲ್ಲ. ಕಣ್ಣಿಗೇ ಬೀಳದ್ದನ್ನು ಕಾಪಾಡುವುದು ಹೇಗೆ ಎಂಬ ನಿರ್ದೇಶಕರ ಪ್ರಶ್ನೆ ಮೇಲಿನವರಿಗೂ ನ್ಯಾಯವೆನಿಸಿತು. ಹೀಗಾಗಿ ದಿಬ್ಬದ ಎದುರಿಗೇ ನಾಲ್ಕು ಅಂತಸ್ತಿನ ಕಟ್ಟಡ, ಅದರ ನೆತ್ತಿಯ ಮೇಲೊಂದು ವೀಕ್ಷಣಾ ಗೋಪುರ ಮಂಜೂರಾಯಿತು.

ಗುತ್ತಿಗೆ ನಿರ್ದೇಶಕರ ಭಾವಮೈದುನನಿಗೆ ಸಿಕ್ಕಿತು. ಗುತ್ತಿಗೆದಾರನ ಕುಟುಂಬದಲ್ಲಿ ದಿಬ್ಬದ ಬಗ್ಗೆ ದಿನನಿತ್ಯ ಮಾತುಕತೆ ನಡೆಯುತ್ತಿರತಕ್ಕದ್ದು ಎಂಬ ಷರತ್ತನ್ನು ಪೂರೈಸಿದವನು ಅವನೊಬ್ಬನೇ. ಮರಳು ಎಲ್ಲಿಂದ ತರುವುದೆಂಬ ಮಾತು ಬಂದಾಗ, ಹೊರಗಿನ ಮರಳಿನ ಜೊತೆ ಹೊರಗಿನ ಬೀಜ, ಹೊರಗಿನ ಹುಳುಹುಪ್ಪಟೆ ಬಂದು ಇಲ್ಲಿನ ಜೀವಸಂಕುಲ ಕೆಡುತ್ತದೆಂದು ನಿರ್ದೇಶಕರೇ ಆಕ್ಷೇಪವೆತ್ತಿದರು. ಸ್ಥಳೀಯ ಮರಳನ್ನೇ ಬಳಸತಕ್ಕದ್ದೆಂದು ಆದೇಶವಾಯಿತು. ಸ್ಥಳೀಯ ಮರಳು ಇದ್ದದ್ದು ದಿಬ್ಬದಲ್ಲಿ.

ಮರಳೆತ್ತುವಾಗ ದಿಬ್ಬದ ಮೇಲಿನ ಬಳ್ಳಿಗಳಿಗೆ ಪೆಟ್ಟಾಗಬಾರದೆಂದು ಅವನ್ನು ಮೊದಲೇ ಬೇರುಸಮೇತ ಕಿತ್ತು, ಕುಂಡಗಳಲ್ಲಿ ನೆಟ್ಟು, ಗಿರಣಿಯ ಮೆಟ್ಟಿಲುಗಳ ಮೇಲೆ ಇಡಲಾಯಿತು. ಅಷ್ಟು ಕಾಲ ಮರಳನ್ನು ಬಿಗಿಯಾಗಿ ಹಿಡಿದಿಟ್ಟಿದ್ದು ಆ ಬಳ್ಳಿಗಳೇ. ಅವು ಹೋದ ಮೇಲೆ ಗಾಳಿ ಎದ್ದಿತು. ಭಾವಮೈದುನನ ಲಾರಿಗಳು ಒಯ್ದು ಮಿಕ್ಕದ್ದೆಲ್ಲ ದರ್ಜಿಯ ಮನೆಗೆ ಬಂತು.

ದರ್ಜಿಯ ಮನೆ ದಿಬ್ಬದ ಬೆನ್ನಿಗೇ ಇತ್ತು. ನಡುಮನೆಯಲ್ಲಿ ಎರಡು ಹೊಲಿಗೆ ಮಿಷನ್: ಒಂದು ಅವನದು, ಒಂದು ಹೆಂಡತಿಯದು. ಮೊದಲ ದಿನ ಹೆಂಡತಿ ಮರಳನ್ನು ಗುಡಿಸಿ, ಮೊರದಲ್ಲಿ ತುಂಬಿ ಹೊರಗೆ ಚೆಲ್ಲಲು ಹೋದಳು. ಅಳತೆಕೋಲು ಹಿಡಿದ ಕಚೇರಿಯ ವೀಕ್ಷಕ ಎದುರಾದ.

"ಏನಮ್ಮಾ ಅದು?"

"ಮರಳು ಸಾರ್. ಮನೆ ತುಂಬಾ ಬಿದ್ದಿತ್ತು."

"ಅದು ಸಂರಕ್ಷಿತ ದಿಬ್ಬದ ಭಾಗ. ಇದ್ದ ಜಾಗದಿಂದ ಕದಲಿಸಿದ್ರೆ ಜೈಲು."

"ಮತ್ತೆ ಅಲ್ಲಿ ಲಾರಿಗೆ ತುಂಬ್ತಿದಾರಲ್ಲ?"

"ಅದು ಕದಲಿಸೋದಲ್ಲಮ್ಮ, ಬಳಕೆ."

"ಹಂಗಾದ್ರೆ ಮನೇನ ಗುಡಿಸಲೇಬಾರದಾ?"

"ಧಾರಾಳವಾಗಿ ಗುಡಿಸಿ. ಹೊರಗೆ ಹಾಕೋ ಹಾಗಿಲ್ಲ, ಅಷ್ಟೇ."

ಅವಳು ಮೂಲೆಗೆ ಗುಡಿಸಿದಳು. ಮರುದಿನವೂ ಗುಡಿಸಿದಳು. ಮೂಲೆ ಬೆಳೆಯಿತು. ಶಾಲೆಯ ಸಮವಸ್ತ್ರಗಳ ಜೇಬಿನಲ್ಲಿ ಮರಳು ಸಿಕ್ಕಿತೆಂದು ಶಾಲೆಯವರು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಆಮೇಲೆ ಗಂಡನ ಮಿಷನ್ ಕರಕರ ಎಂದು ನಿಂತೇಹೋಯಿತು, ಅದರ ಹಿಂದೆಯೇ ಹೆಂಡತಿಯದೂ. ದರ್ಜಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ನಿರ್ದೇಶಕರನ್ನು ಕಾಣಲು ಹೋದ.

"ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ," ಎಂದರು ನಿರ್ದೇಶಕರು. "ನಾನೂ ದಿನವಿಡೀ ಗಿರಣಿ ಹಿಟ್ಟಲ್ಲಿ ಕೂತಿದೀನಿ. ನನ್ನ ಕೂದಲು ಬೆಳ್ಳಗಾಗಿರೋದು ವಯಸ್ಸಿಂದಲ್ಲ."

"ಹೊಟ್ಟೆ ಮೇಲೆ ಹೊಡೀಬೇಡಿ ಸಾರ್. ನಾವಿಬ್ರೂ ಆ ಎರಡು ಹೊಲಿಗೆ ಮಿಷನ್ನನ್ನೇ ನಂಬ್ಕೊಂಡಿರೋದು."

"ಸ್ವಲ್ಪ ತಡ್ಕೊಳಿ. ಕಟ್ಟಡ ಮುಗೀಲಿ. ಆಮೇಲೆ ನಿಮ್ಮ ಕಷ್ಟವನ್ನ ಗೋಪುರದಿಂದ ನೇರವಾಗಿ ನೋಡಬಹುದು."

ಕಟ್ಟಡ ಮುಗಿಯಿತು. ದಿಬ್ಬವೂ ಅದರ ಜೊತೆಗೇ ಮುಗಿಯಿತು. ಎರಡೂ ಏಕಕಾಲಕ್ಕೆ ಮುಗಿದದ್ದನ್ನು ಭಾವಮೈದುನನ ಕರಾರುವಾಕ್ಕಾದ ಲೆಕ್ಕಾಚಾರಕ್ಕೆ ನಿದರ್ಶನವೆಂದು ಉದ್ಘಾಟನಾ ಭಾಷಣದಲ್ಲಿ ಕೊಂಡಾಡಲಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮೇಲಿನಿಂದ ಪರಿಶೀಲನಾ ಸಮಿತಿ ಬಂತು. ದಿಬ್ಬವಿಲ್ಲದ ಕಡೆ ದಿಬ್ಬದ ಕಚೇರಿ ಮುಚ್ಚಬೇಕೆಂಬ ನಿಯಮವಿತ್ತು. ಸಮಿತಿಯ ಅಧ್ಯಕ್ಷೆ ಏದುಸಿರು ಬಿಡುತ್ತ ಗೋಪುರ ಹತ್ತಿ ದುರ್ಬೀನಿನಲ್ಲಿ ನೋಡಿದರು. ಲಾರಿಚಕ್ರದ ಗುರುತು, ಅದರಾಚೆ ಸಮುದ್ರ.

"ಎಲ್ರೀ ದಿಬ್ಬ?"

"ಮೇಡಂ, ನಾವು ಅದರ ಮೇಲೇ ನಿಂತಿದೀವಿ," ಎಂದರು ನಿರ್ದೇಶಕರು, ಹಣೆ ಒರೆಸಿಕೊಳ್ಳುತ್ತ.

ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಆಗ ವೀಕ್ಷಕ ನಿರ್ದೇಶಕರ ಕಿವಿಯಲ್ಲಿ ಏನೋ ಹೇಳಿದ. ನಿರ್ದೇಶಕರ ಮುಖಕ್ಕೆ ಜೀವ ಬಂತು. ಎಲ್ಲರೂ ಇಳಿದು ದರ್ಜಿಯ ಮನೆಗೆ ನಡೆದರು.

ನಡುಮನೆಯಲ್ಲಿ ದಿಬ್ಬ ಕಿಟಕಿಯವರೆಗೆ ಬೆಳೆದಿತ್ತು. ಗಾಳಿ ಅದರ ಮೈಮೇಲೆ ಸಣ್ಣ ಅಲೆಗಳನ್ನು ಬಿಡಿಸಿತ್ತು. ಬುಡದಲ್ಲಿ ಏಡಿಗಳು ಬಿಲ ತೋಡಿದ್ದವು. ಕೆಟ್ಟುನಿಂತ ಮಿಷನ್ನಿನ ಹಿಂದೆ ಕಡಲಹಕ್ಕಿಯೊಂದು ಮೊಟ್ಟೆಯಿಟ್ಟು ಕಾವು ಕೂತಿತ್ತು. ಅಧ್ಯಕ್ಷೆ ಮಂಡಿಯೂರಿದರು. ಅವರ ಕಣ್ಣು ತುಂಬಿಬಂತು.

"ಇಷ್ಟು ಆರೋಗ್ಯವಾದ ದಿಬ್ಬ ನನ್ನ ಸರ್ವಿಸಲ್ಲೇ ನೋಡಿಲ್ಲ. ಈ ಮನೆ ಇವತ್ತಿಂದ ಸಂರಕ್ಷಿತ. ಇಲ್ಲಿರೋ ಮನುಷ್ಯರು ಸಂಜೆಯೊಳಗೆ ಖಾಲಿ ಮಾಡಲಿ."

ದರ್ಜಿ ಹೊಸ್ತಿಲ ಮೇಲೆ ಕುಸಿದು ಕೂತ. ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಳು. ಇಷ್ಟು ದಿನ ಅತ್ತು ಮುಗಿಸಿದ್ದವಳು ಅವಳು. ಈಗ ಅಳು ಬರಲಿಲ್ಲ.

"ಆಯ್ತಮ್ಮ, ಹೋಗ್ತೀವಿ," ಎಂದಳು. "ಬಾಗಿಲು, ಕಿಟಕಿ ಮಾತ್ರ ನಾವೇ ಮಾಡಿಸಿದ್ದು. ಕಿತ್ಕೊಂಡು ಹೋಗ್ತೀವಿ. ಏಳ್ರೀ, ಸುತ್ತಿಗೆ ತಗೊಳ್ಳಿ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಿಲ್ಲದಿದ್ದರೆ ಗಾಳಿ ದಿಬ್ಬವನ್ನು ಹೊತ್ತೊಯ್ಯುತ್ತದೆ, ದಿಬ್ಬ ಹೋದರೆ ಕಚೇರಿ ಹೋಗುತ್ತದೆ, ಕಚೇರಿ ಹೋದರೆ ಸಮಿತಿಗೆ ಪರಿಶೀಲಿಸಲು ಏನೂ ಇರುವುದಿಲ್ಲ. ಅಂಗಳದಲ್ಲಿ ತುರ್ತುಸಭೆ ಸೇರಿತು. ಮನುಷ್ಯರೆಂದು ಬರೆದರೆ ನಿಯಮದಂತೆ ಒಕ್ಕಲೆಬ್ಬಿಸಬೇಕಾಗುತ್ತದೆ. ಆದ್ದರಿಂದ ದಿಬ್ಬದ ಜೀವಿಗಳ ಸಾಲಿನಲ್ಲಿ, ಏಡಿ ಮತ್ತು ಹಕ್ಕಿಯ ಕೆಳಗೆ, 'ದೊಡ್ಡ ಸಸ್ತನಿ, ಒಂದು ಜೋಡಿ' ಎಂದು ನಮೂದಿಸಲಾಯಿತು.

"ಸಸ್ತನಿ ಅಂದ್ರೇನ್ರೀ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಗೊತ್ತಿಲ್ಲ ಕಣೇ. ಜೋಡಿ ಅಂತ ಬರ್ದಿದಾರೆ. ನಮ್ಮಿಬ್ರನ್ನ ಬೇರೆ ಮಾಡಲ್ಲ ಬಿಡು."

ಆಮೇಲೆ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ಮಿಷನ್ನಿನ ಸದ್ದಿಲ್ಲದೆ ಹಕ್ಕಿ ಸರಿಯಾಗಿ ಕಾವು ಕೂರುವುದಿಲ್ಲವೆಂದು ಹೆಂಡತಿ ಹೇಳಿದ್ದರಿಂದ ಕಚೇರಿಯ ಖರ್ಚಿನಲ್ಲೇ ಎರಡೂ ಮಿಷನ್ ರಿಪೇರಿಯಾದವು. ದಿಬ್ಬ ತುಳಿಯಬಾರದೆಂದು ಹೊಲಿಗೆ ಜಗಲಿಗೆ ಹೋಯಿತು, ಜಗಲಿಗೆ ಗಾಜಿನ ಮರೆ ಬಂತು. ಬಟ್ಟೆಗೆ ಮರಳು ತಾಗುವುದು ನಿಂತು ಶಾಲೆಯವರು ಮರಳಿ ಬಂದರು. ಏಡಿಗಳಿಗೆ ತೇವ ಬೇಕೆಂದು ಆ ಬೀದಿ ಕಂಡೇ ಇರದ ನಲ್ಲಿನೀರು ದರ್ಜಿಯ ಮನೆಗೆ ಬಂತು. ಬಾಗಿಲ ಪಕ್ಕ ಫಲಕವೂ ಬಂತು: 'ಸಾರ್ವಜನಿಕರ ಗಮನಕ್ಕೆ. ಸಸ್ತನಿಗಳಿಗೆ ತಿಂಡಿ ಎಸೆಯಬಾರದು. ಅಳತೆ ಕೊಡುವವರು ಜಗಲಿಯಲ್ಲೇ ಕೊಡತಕ್ಕದ್ದು.' ಗೋಪುರದಲ್ಲಿ ಕೂತ ವೀಕ್ಷಕ ಅವರು ಎದ್ದದ್ದು, ಉಂಡದ್ದು, ಜಗಳವಾಡಿದ್ದು ಎಲ್ಲವನ್ನೂ ಬರೆದುಕೊಂಡ. ಜಗಳವಾಡಿದ ದಿನ 'ಚಟುವಟಿಕೆ ಉತ್ತಮ' ಎಂದು ಬರೆಯುತ್ತಿದ್ದ.

ಎದುರುಮನೆಯ ಕಟಿಂಗ್ ಶಾಪಿನವನು ಮೊದಮೊದಲು ನಗುತ್ತಿದ್ದ. ನಲ್ಲಿ ಬಂದ ಮೇಲೆ ನಗು ನಿಂತಿತು. ಅವನು ಕಚೇರಿಗೆ ಹೋಗಿ ಕೈಮುಗಿದ.

"ಸಾರ್, ನಮ್ಮನೆಗೂ ಒಂದ್ ಸಣ್ಣ ದಿಬ್ಬ ಕೊಡಿಸಿ."

"ದಿಬ್ಬ ಪ್ರಕೃತಿ ಕೊಡೋದಪ್ಪ," ಎಂದರು ನಿರ್ದೇಶಕರು. "ನಾವು ಬರೀ ಕಾಪಾಡೋರು. ಗಾಳಿ ತಂದುಕೊಟ್ರೆ ತಕ್ಷಣ ಬಂದು ಹೇಳಿ."

ಈಗ ಆ ಬೀದಿಯಲ್ಲಿ ಯಾರೂ ಕಿಟಕಿ ಮುಚ್ಚುವುದಿಲ್ಲ. ಹಾಸಿಗೆಯೆಲ್ಲ ಧೂಳಾಯಿತೆಂದು ಕಟಿಂಗ್ ಶಾಪಿನವನ ಹೆಂಡತಿ ಮುಚ್ಚಹೋದರೆ, "ತೆಗಿಯೇ, ನಿನ್ನೆ ಅರ್ಧ ಬೊಗಸೆ ಬಿದ್ದಿತ್ತು," ಎಂದು ಅವನು ಗದರುತ್ತಾನೆ. ಸಂಜೆ ಕಡಲಿನ ಕಡೆಯಿಂದ ಗಾಳಿ ಎದ್ದಾಗ ಪ್ರತಿಯೊಂದು ಮನೆಯವರೂ ಬಾಗಿಲು ತೆರೆದು, ಗಾಳಿಗೆ ಅಡ್ಡವಾಗದಂತೆ ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.