ಆರು ಕ್ಯಾನು ಸಿಹಿನೀರು

೨೦೧೭ರ ನವೆಂಬರ್ ೧೦, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಅಮ್ಮಾನ್ ನಗರದ ಅಶ್ರಫಿಯ್ಯ ಗುಡ್ಡದ ಮನೆಯೊಂದರ ನಾಲ್ಕನೇ ಮಹಡಿಯಲ್ಲಿ ಹಿಕ್ಮತ್ ತನ್ನ ಕರಿಯ ಕೋಟು ತೊಟ್ಟು ನೋಡಿದ. ಸಂಜೆ ಹೆಣ್ಣು ಕೇಳಲು ಹೋಗಬೇಕಿತ್ತು. ಕೋಟು ಸರಿಯಾಗಿತ್ತು, ಕೋಟಿನೊಳಗಿನ ಮೈ ಸರಿಯಿರಲಿಲ್ಲ. ಸ್ನಾನ ಮುಗಿಸಿ ಹತ್ತು ನಿಮಿಷವಾಗಿರಲಿಲ್ಲ, ಆಗಲೇ ಚರ್ಮ ಬಿಗಿದುಕೊಂಡು ಎಲ್ಲೆಂದರಲ್ಲಿ ನವೆ ಎದ್ದಿತ್ತು. ಕತ್ತು ಒಂದು ಸಲ, ಮೊಣಕೈ ಒಂದು ಸಲ ಕೆರೆದುಕೊಂಡ, ಅಷ್ಟೇ. ಹೆಗಲು ತೋಳುಗಳ ಮೇಲೆಲ್ಲ ಬಿಳಿ ಹೊಟ್ಟು ಉದುರಿ, ಮದುಮಗನಾಗಬೇಕಾದವನು ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತೆ ಕಂಡ.

ಹಿಕ್ಮತ್‌ಗೆ ನಲವತ್ತನಾಲ್ಕು. ಶಾಲೆಯೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ. ಅದೇ ಶಾಲೆಯಲ್ಲಿ ಭೂಗೋಳ ಕಲಿಸುವ ವಿಸಾಲ್ ಚಹಾ ಕೋಣೆಯಲ್ಲಿ ಅವನೆದುರಿನ ಕುರ್ಚಿಯಲ್ಲಿ ಆರು ವರ್ಷ ಕೂತಿದ್ದಳು. ಅವನು ಬಾಯಿ ಬಿಡಲು ಅಷ್ಟೂ ವರ್ಷ ತೆಗೆದುಕೊಂಡ, ಅವಳು ಒಪ್ಪಲು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಮಾತ್ರ. ಆದರೆ ಅವಳ ತಂದೆ ಅಬು ಮಾಹಿರ್ ಹೂಂ ಅನ್ನಬೇಕಿತ್ತು. ಊರಿನ ಅರ್ಧ ಮನೆಗಳ ಗೋಡೆಗೆ ಕಲ್ಲು ಕೆತ್ತಿ ಕೊಟ್ಟ ಮನುಷ್ಯ. ಈಗ ಕಣ್ಣು ಪೂರ್ತಿ ಹೋಗಿತ್ತು, ಮಗಳೇ ಕಣ್ಣು. ಹಿಂದೆ ಕೇಳಿಕೊಂಡು ಬಂದ ಇಬ್ಬರನ್ನು ಅವರು ಬೇಡವೆಂದಿದ್ದರು.

"ಈ ಸಲಾನೂ ಬೇಡ ಅಂದ್ರೆ ನಾನು ಅಪ್ಪನ ಹತ್ರ ಮತ್ತೆ ಈ ಮಾತು ಎತ್ತಲ್ಲ," ಎಂದು ವಿಸಾಲ್ ಮೊದಲೇ ಹೇಳಿದ್ದಳು. "ಅವರನ್ನ ನೋಯಿಸಿ ಮದ್ವೆ ಆಗೋ ವಯಸ್ಸು ದಾಟಿದೆ ನಂಗೆ."

ಕಣ್ಣಿಲ್ಲದ ಮಾವನಿಗೆ ಅಳಿಯನ ಚರ್ಮ ಹೇಗಿದ್ದರೇನು ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಆ ಮನೆಯಲ್ಲಿ ವಿಸಾಲ್‌ಳ ಸೋದರತ್ತೆ ಹಸೀಬಾ ಇದ್ದರು, ಅಣ್ಣನ ಪಾಲಿನ ದೃಷ್ಟಿಯೂ ಅವರಿಗೇ ಬಂದಂತಿತ್ತು. ಅದಕ್ಕಿಂತ ಹೆಚ್ಚಾಗಿ ಹಿಕ್ಮತ್‌ನನ್ನು ಚುಚ್ಚುತ್ತಿದ್ದದ್ದು ಬೇರೆಯೇ. ಮೂರು ತಿಂಗಳ ಹಿಂದೆ ಶಾಲೆಯ ಕಾವಲುಗಾರ ತೀರಿಕೊಂಡಾಗ ಸಾವಿನ ಮನೆಯಲ್ಲಿ ಅಬು ಮಾಹಿರ್ ಅವನ ಕೈ ಹಿಡಿದಿದ್ದರು. ಹಿಡಿದವರು ಬಿಡಲಿಲ್ಲ. ಒರಟು ಅಂಗೈಯನ್ನು, ಬಿರಿದ ಬೆರಳ ಸಂದುಗಳನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿ, ಯಾರ ಮಗ ಎಂದು ಕೇಳಿ, ಮತ್ತೇನೂ ಹೇಳದೆ ಬಿಟ್ಟಿದ್ದರು. ಅಸಹ್ಯ ಪಟ್ಟುಕೊಂಡರು ಎಂದೇ ಹಿಕ್ಮತ್ ತಿಳಿದಿದ್ದ.

ಕೋಟಿಗೆ ಇಸ್ತ್ರಿ ಹಾಕಿಕೊಡಲು ಮೇಲೆ ಬಂದ ಕೆಳಮನೆಯ ಉಮ್ ಜರೀರ್ ಬಾಗಿಲಲ್ಲೇ ನಿಂತರು. "ಇದೇನು ಮಗಾ, ಹಾವು ಪೊರೆ ಬಿಟ್ಟ ಹಾಗೆ?"

ಹಿಂದೆಯೇ ಅವರ ಗಂಡ ಅಬು ಜರೀರ್ ಬಂದರು. ಮನೆಯ ಮಾಲೀಕರು ಅವರೇ. ಹಿಕ್ಮತ್‌ಗೆ ತಂದೆಯಿಲ್ಲದ್ದರಿಂದ ಸಂಜೆ ಹಿರಿಯನಾಗಿ ಮುಂದೆ ನಿಲ್ಲುವವರೂ ಅವರೇ. ಅವನನ್ನು ಮೇಲಿನಿಂದ ಕೆಳಗೆ ನೋಡಿ ಕೆಳಗಿಳಿದು ಹೋಗಿ, ತಮ್ಮ ಮನೆಯ ಕೆಟಲ್ ತಂದು ಮುಚ್ಚಳ ತೆಗೆದು ತೋರಿಸಿದರು. ತಳವೆಲ್ಲ ಬಿಳಿ ಹೆಕ್ಕಳೆಗಟ್ಟಿತ್ತು.

"ಇದಕ್ಕೆ ಎರಡೇ ವರ್ಷ," ಎಂದರು. "ನಿಂಗೆ ನಲವತ್ನಾಲ್ಕು. ಲೆಕ್ಕ ಹಾಕ್ಕೋ."

ಹಿಕ್ಮತ್‌ಗೆ ನಾಚಿಕೆಯಾಯಿತು. ಗಡಸು ನೀರಿನ ಸುಣ್ಣ ಸೋಪಿನೊಡನೆ ಕೂಡಿ ಕರಗದ ಗಸಿಯಾಗುತ್ತದೆ, ಅದು ಚರ್ಮಕ್ಕೆ ಅಂಟಿಕೊಂಡು ಒಣಗಿಸುತ್ತದೆ ಎಂದು ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಸೀಸೆ ಅಲ್ಲಾಡಿಸಿ ತೋರಿಸುವವನು ಅವನೇ. ಅವನ ಶವರಿನ ತೂತುಗಳಲ್ಲಿ ಸುಣ್ಣ ಕಟ್ಟಿ ನೀರು ಅಡ್ಡಡ್ಡ ಹಾರಿ ಕನ್ನಡಿಗೆ ಸ್ನಾನ ಮಾಡಿಸುತ್ತಿತ್ತು. ಆದರೂ ಸೀಸೆಯಲ್ಲಿ ನಡೆಯುವುದು ತನ್ನ ಮೈಮೇಲೂ ನಡೆಯುತ್ತದೆ ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಸುಣ್ಣ ಸೋಸಿ ತೆಗೆದ ಕುಡಿಯುವ ನೀರು ಮಾರುವ ಮೂಲೆಯ ಸಿಹಿನೀರಿನ ಅಂಗಡಿಗೆ ಹೋಗಿ ಆರು ಕ್ಯಾನು ಕೇಳಿದ. ಅಷ್ಟು ನೀರು ಸಾವಿನ ಮನೆಗೆ ಬರುವ ಜನಕ್ಕೇ ಇರಬೇಕೆಂದು ಅಂಗಡಿಯವನು ಮುಖ ಸಣ್ಣದು ಮಾಡಿಕೊಂಡು, ಮನೆಯಲ್ಲಿ ಯಾರು ಹೋದರು ಎಂದು ವಿಚಾರಿಸಿದ. ಯಾರೂ ಹೋಗಿಲ್ಲ, ಸ್ನಾನಕ್ಕೆ ಎಂದಾಗ ಅವನ ದುಃಖ ಹೋಗಿ ಕುತೂಹಲ ಬಂತು. ಹಿಕ್ಮತ್ ಮೂರನೇ ಕ್ಯಾನು ಹೊತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಮಹಡಿಗಳ ಬಾಗಿಲೂ ಅರ್ಧ ತೆರೆದಿದ್ದವು. ಕುಡಿಯಲು ಅಳೆದು ಬಳಸುವ ನೀರನ್ನು ಮೈಗೆ ಸುರಿದುಕೊಳ್ಳುವ ಮನುಷ್ಯನನ್ನು ನೋಡಲು ಎರಡನೇ ಮಹಡಿಯ ಹೆಂಗಸರು ಕುರ್ಚಿಯನ್ನೇ ಹೊರಗೆ ಹಾಕಿಕೊಂಡಿದ್ದರು.

ನೀರು ಕಾಯಿಸಿ ಸ್ನಾನಕ್ಕೆ ನಿಂತ. ಹುಟ್ಟಿದಾಗಿನಿಂದ ಗಡಸು ನೀರಿನಲ್ಲಿ ಮಿಂದ ಕೈ, ತನಗೆ ತಿಳಿದಷ್ಟು ಸೋಪು ಉಜ್ಜಿತು. ಸಿಹಿನೀರು ಅದಕ್ಕೆ ಸಿದ್ಧವಿರಲಿಲ್ಲ. ನೊರೆ ಎದ್ದಿತು, ಮೊಣಕಾಲು ಮುಳುಗಿಸಿತು, ಬಾಗಿಲ ಸಂದಿನಿಂದ ಹೊರಟು ಮೆಟ್ಟಿಲಿಳಿಯಿತು. ಅಬು ಜರೀರ್ ಹೊರಗಿನಿಂದ ಬಾಗಿಲು ಬಡಿದು, ಒಳಗಿರುವುದು ಒಬ್ಬನೇ ತಾನೇ ಎಂದು ಕೇಳಿದರು.

ಮೈ ತೊಳೆದುಕೊಂಡ. ಜಾರುತ್ತಿತ್ತು. ಇನ್ನೊಂದು ಕ್ಯಾನು ಸುರಿದುಕೊಂಡ, ಆಗಲೂ ಜಾರುತ್ತಿತ್ತು. ಸೋಪು ಪೂರ್ತಿ ಹೋದ ಮೇಲೂ ಮೆದು ನೀರಿನಲ್ಲಿ ಚರ್ಮ ಹಾಗೆಯೇ ಜಾರುತ್ತದೆ ಎಂದು ಪುಸ್ತಕಕ್ಕೆ ಗೊತ್ತಿತ್ತು, ಪುಸ್ತಕ ಓದಿದ ಅವನಿಗೂ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ಆರನೆಯ ಕ್ಯಾನೂ ಬರಿದಾದ ಮೇಲೆ, ಬಲೆಯಿಂದ ನುಣುಚಿದ ಮೀನಿನಂತೆ ಹೊರಗೆ ಬಂದ.

ಮುಂದಿನದು ಉಮ್ ಜರೀರ್ ಅವರ ಪಾಲಿಗೆ ಬಂತು. ಹಿಮ್ಮಡಿ ಉಜ್ಜುವ ಕಪ್ಪು ಕಲ್ಲಿನಿಂದ ಅವನ ಅಂಗೈಗಳನ್ನು ಪಾತ್ರೆ ತಿಕ್ಕಿದಂತೆ ತಿಕ್ಕಿ, ಸಕ್ಕರೆ ಹಚ್ಚಿ, ಬೆಚ್ಚಗಿನ ಆಲಿವ್ ಎಣ್ಣೆ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಎರಡೂ ಕೈ ಇಳಿಸಿ, ಮಣಿಕಟ್ಟಿಗೆ ದಾರ ಕಟ್ಟಿದರು. ಊರಿಂದ ಬಂದ ಎಣ್ಣೆ, ಈ ವರ್ಷದ್ದೇ, ಇದನ್ನು ತಮ್ಮ ಮಕ್ಕಳಿಗೂ ಅಷ್ಟು ಧಾರಾಳವಾಗಿ ಬಡಿಸಿಲ್ಲ ಎಂದು ನೆನಪಿಸಿದರು.

ಅಷ್ಟರಲ್ಲಿ ಫೋನು ಬಂತು. ವಿಸಾಲ್. ಹಿಕ್ಮತ್ ಎರಡು ಚೀಲಗಳನ್ನೂ ಎತ್ತಿ ಅಸಹಾಯಕನಾಗಿ ನೋಡಿದ. ಉಮ್ ಜರೀರ್ ಫೋನನ್ನು ಅವನ ಕಿವಿಗೆ ಹಿಡಿದು, ಒಂದು ಮಾತೂ ತಪ್ಪಿಹೋಗಬಾರದೆಂದು ತಮ್ಮ ಕಿವಿಯನ್ನೂ ಇನ್ನೊಂದು ಬದಿಯಿಂದ ಅಂಟಿಸಿದರು.

"ಬೆಳಿಗ್ಗೆಯಿಂದ ಅಪ್ಪ ನಿಮ್ಮ ಕೈ ಬಗ್ಗೇನೇ ಮಾತಾಡ್ತಿದ್ದಾರೆ," ಎಂದಳು ವಿಸಾಲ್. "ಅದಕ್ಕೇ ಹೇಳ್ತೀನಿ ಕೇಳಿ, ನೀವು ಆ ಕೈನ..."

ಉಮ್ ಜರೀರ್ ಅವರ ಓಲೆ ಯಾವುದೋ ಗುಂಡಿ ಒತ್ತಿತು. ಮಾತು ನಿಂತಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಆ ಮನೆಯಲ್ಲಿ ಅತಿಥಿಗಳಿಗಾಗಿ ಓಡಾಟ ಶುರುವಾಗಿರಬೇಕು.

"ನೋಡಿದ್ಯಾ?" ಎಂದರು ಉಮ್ ಜರೀರ್. "ಮುದುಕ ಮರೆತಿಲ್ಲ." ಚೀಲ ಬಿಚ್ಚಿ, ಕಪ್ಪು ಕಲ್ಲು ತೆಗೆದುಕೊಂಡು ಮತ್ತೊಂದು ಸುತ್ತು ತಿಕ್ಕಿದರು.

ಸಂಜೆ ಐದಕ್ಕೆ ಅಬು ಮಾಹಿರ್ ಅವರ ಅತಿಥಿಗಳ ಕೋಣೆಯಲ್ಲಿ ಕೂತಾಗ ಹಿಕ್ಮತ್‌ನ ಕೈಗಳು ನಾದಿದ ಹಿಟ್ಟಿನಂತಿದ್ದವು. ಕೋಟಿನ ಮೇಲೆ ಒಂದು ಕಣ ಹೊಟ್ಟಿರಲಿಲ್ಲ. ಹಸೀಬಾ ಅತ್ತೆ ಅವನನ್ನು ಎರಡು ಸುತ್ತು ನೋಡಿ, ಕೊರತೆ ಸಿಗದೆ ಕೊಂಚ ನಿರಾಶೆಯಿಂದಲೇ ಒಳಗೆ ಹೋದರು. ಕಾಫಿ ಬಂತು. ಅಬು ಜರೀರ್ ಗಂಟಲು ಸರಿಮಾಡಿಕೊಂಡು ತಮ್ಮ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದಿಟ್ಟರು, ಕೇಳಲು ಬಂದದ್ದು ಸಿಗುವ ತನಕ ಕುಡಿಯುವಂತಿಲ್ಲ. ಒಳ್ಳೆಯ ಮಾತುಗಳಲ್ಲಿ ಹೆಣ್ಣು ಕೇಳಿದರು.

ಅಬು ಮಾಹಿರ್ ಮುಖದಲ್ಲಿ ನಗುವಿತ್ತು. "ಎಲ್ಲಿ, ಹುಡುಗನ ಕೈ ಕೊಡಿ ಇಲ್ಲಿ."

ಹಿಕ್ಮತ್ ಧೈರ್ಯವಾಗಿ ಕೊಟ್ಟ. ಮುದುಕರ ಹೆಬ್ಬೆರಳು ಅಂಗೈಯನ್ನು ದಾಟಿತು, ಬೆರಳ ಬುಡಕ್ಕೆ ಹೋಯಿತು, ಕಳೆದುಕೊಂಡದ್ದನ್ನು ಹುಡುಕುವ ಹಾಗೆ ಮತ್ತೆ ಹಿಂದಕ್ಕೆ ಬಂತು. ನಗು ನಿಧಾನವಾಗಿ ಇಳಿಯಿತು.

"ಇನ್ನೊಂದು ಕೊಡು."

ಕೊಟ್ಟ.

"ಆವತ್ತು ಸಾವಿನ ಮನೇಲಿ ನನ್ನ ಕೈ ಹಿಡಿದವನು ನೀನಲ್ಲ," ಎಂದರು ಅಬು ಮಾಹಿರ್.

"ನಾನೇ, ಹಿರಿಯರೇ."

"ಆ ಕೈಯಲ್ಲಿ ಕಲ್ಲಿತ್ತು. ಜನ್ಮವೆಲ್ಲ ಕಲ್ಲಿನ ಜೊತೆ ಕಳೆದವನು ನಾನು, ನಂಗೆ ಗೊತ್ತಾಗಲ್ವಾ? ಇವತ್ತು ಬೆಳಿಗ್ಗೆ ಮಗಳಿಗೂ ಹೇಳ್ದೆ, ಶಾಲೇಲಿದ್ರೂ ದುಡಿಯೋ ಕೈ ಅದು, ಅವನು ಕೇಳಿದ್ರೆ ಕೊಡ್ತೀನಿ ಅಂತ. ಇದು ಯಾರ ಕೈ?"

ಅಬು ಜರೀರ್ ಹಿಕ್ಮತ್‌ನ ಕಾಲು ತುಳಿದು, ಹುಡುಗ ರಜೆಯಲ್ಲಿ ತಮ್ಮ ಭಾವನ ಕಲ್ಲುಗಣಿಗೆ ಹೋಗುತ್ತಾನೆಂದು ಶುರು ಮಾಡಿದರು. ಒಂದು ಸುಳ್ಳಿಗೆ ತಲೆಯಾಡಿಸಿದ್ದರೆ ಸಾಕಿತ್ತು, ಆ ತಲೆಯಾಟವನ್ನು ನೋಡಲು ಎದುರಿಗಿದ್ದವರಿಗೆ ಕಣ್ಣೂ ಇರಲಿಲ್ಲ. ಹಿಕ್ಮತ್‌ನಿಂದ ಆಗಲಿಲ್ಲ. ನೀರಿನ ಸುಣ್ಣದ ಕತೆ, ಸೋಪಿನ ಕತೆ, ಆರು ಕ್ಯಾನು ಸಿಹಿನೀರು, ಎಣ್ಣೆಯ ಚೀಲ, ಎಲ್ಲವನ್ನೂ ಹೇಳಿದ. ತಾನು ಗಣಿ ನೋಡಿದವನಲ್ಲ, ದಿನವಿಡೀ ಗಾಜಿನ ಸೀಸೆ ತೊಳೆಯುವವನು ಎಂದೂ ಹೇಳಿದ.

ಅಬು ಮಾಹಿರ್ ಕೊನೆಯವರೆಗೂ ಕೇಳಿದರು. ಕೈ ಬಿಟ್ಟಿರಲಿಲ್ಲ.

"ಹಾಗಾದ್ರೆ ದುಡಿದದ್ದು ನೀರು," ಎಂದರು. "ನೀನಲ್ಲ."

ಅವರ ಹೆಬ್ಬೆರಳು ಆ ಮೆದು ಅಂಗೈಯನ್ನು ಇನ್ನೊಮ್ಮೆ ಸವರಿತು.

"ಸುಳ್ಳು ಹೇಳ್ಲಿಲ್ಲ, ದೇವರು ನಿಂಗೆ ಒಳ್ಳೇದು ಮಾಡ್ಲಿ. ಆದ್ರೆ ನಂಗೆ ಮುಖ ಕಾಣಲ್ಲ ಮಗಾ. ನಾನು ಕೈ ನೋಡೇ ಮಗಳನ್ನ ಕೊಡ್ಬೇಕು. ಮೂರು ತಿಂಗಳಿಗೊಂದು ಥರ ಇರೋ ಕೈನ ಹೇಗೆ ನಂಬ್ಲಿ?" ಮೆಲ್ಲಗೆ ಅವನ ಕೈಯನ್ನು ಅವನ ಮಡಿಲಿಗೇ ಇಟ್ಟರು. "ಕಾಫಿ ಆರ್ತಾ ಇದೆ, ತಗೊಳ್ಳಿ. ನೀವು ಅತಿಥಿಗಳು."

ಕುಡಿಯಿರಿ ಎಂದರೂ ಅದು ಕೊಟ್ಟೆ ಎಂಬ ಮಾತಾಗಿರಲಿಲ್ಲ. ಅಬು ಜರೀರ್ ಬಟ್ಟಲನ್ನು ಮುಟ್ಟದೆ ಎದ್ದರು. ಹೊರಡುವಾಗ ಹಸೀಬಾ ಅತ್ತೆ, ಏನೇ ಆಗಲಿ ಹುಡುಗನ ಚರ್ಮ ಮಾತ್ರ ಬೆಣ್ಣೆ ಎಂದು ಯಾರಿಗೋ ಹೇಳುವುದು ಕೇಳಿಸಿತು.

ಚಪ್ಪಲಿ ಬಿಟ್ಟಲ್ಲಿ ವಿಸಾಲ್ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಅವನ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು.

"ಅದಕ್ಕೇ ಫೋನ್ ಮಾಡಿದ್ದೆ," ಎಂದಳು. "ಆ ಕೈಗೆ ಏನೂ ಹಚ್ಕೋಬೇಡಿ ಅನ್ನೋಕೆ."

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಶಾಲೆ ತೆರೆಯಿತು. ಚಹಾ ಕೋಣೆಯಲ್ಲಿ ಎದುರಿನ ಕುರ್ಚಿ ಖಾಲಿಯಿತ್ತು. ವಿಸಾಲ್ ಕಿಟಕಿಯ ಪಕ್ಕದಲ್ಲಿ ಬೆನ್ನು ಮಾಡಿ ಕೂತಿದ್ದಳು. ಹಿಕ್ಮತ್ ಚಹಾ ಮುಗಿಸದೆ ಪ್ರಯೋಗಾಲಯಕ್ಕೆ ಹೋದ. ನಲ್ಲಿ ನೀರಿನ ಎರಡು ಸ್ನಾನಕ್ಕೇ ಬೆರಳ ಸಂದುಗಳು ಮತ್ತೆ ಬಿರಿಯತೊಡಗಿದ್ದವು, ನವೆಯೂ ಮರಳಿತ್ತು. ಇನ್ನು ಕೆಲವು ವಾರಗಳಲ್ಲಿ ಆ ಹಳೆಯ ಕೈ ಪೂರ್ತಿ ಬರುತ್ತಿತ್ತು. ಅದನ್ನು ಹಿಡಿದು ನೋಡುವವರು ಮಾತ್ರ ಇರಲಿಲ್ಲ.

ಮನೆಯ ತೊಟ್ಟಿಯಿಂದ ತಂದ ಒಂದು ಸೀಸೆ ನೀರನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ಮಾಡಿ ತೋರಿಸುವ ಹಾಗೆಯೇ, ಹನಿ ಹನಿಯಾಗಿ ಗಡಸುತನ ಅಳೆಯುವ ದ್ರಾವಣ ಬಿಡುತ್ತಾ ಗುಲಾಬಿ ಬಣ್ಣ ನೀಲಿಯಾಗುವ ತನಕ ಕಾದ. ಗಡಸುತನವನ್ನು ಸುಣ್ಣದ ಕಲ್ಲಿನ ತೂಕದಲ್ಲಿ ಹೇಳುವುದು ರೂಢಿ. ಅಬು ಮಾಹಿರ್ ಜನ್ಮವೆಲ್ಲ ಕೆತ್ತಿದ್ದೂ ಇದೇ ಗುಡ್ಡಗಳ ಸುಣ್ಣದ ಕಲ್ಲನ್ನೇ, ಮಳೆ ಅದನ್ನೇ ಕರಗಿಸಿ ಕೊಳವೆಗೆ ತರುತ್ತದೆ. ಮುದುಕರ ಹೆಬ್ಬೆರಳು ತಪ್ಪಿರಲಿಲ್ಲ. ಹಿಕ್ಮತ್ ಎರಡನೇ ಸಲ ಅಳೆದ, ಅದೇ ಬಂತು. ಲೀಟರಿಗೆ ೩೪೨ ಮಿಲಿಗ್ರಾಂ ಕಲ್ಲು.