ಮೂವತ್ತೆರಡನೇ ಪುಟ

ಆ ಪುಟ ಇರಲೋ, ಬೇಡವೋ? ಇದ್ದರೆ ಕೆಲಸಕ್ಕೆ ಕುತ್ತು, ಇಲ್ಲದಿದ್ದರೆ ಇತಿಹಾಸಕ್ಕೆ. ಇತಿಹಾಸಕ್ಕೆ ಹೆಂಡತಿ ಮಕ್ಕಳಿಲ್ಲ, ತನಗಿದ್ದಾರೆ. ಹೀಗೆ ತೂಗಿ ನೋಡುತ್ತಿದ್ದ ಮೇಷ್ಟ್ರಿಗೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್‌ ಅವರಿಂದ ಕರೆ ಬಂತು.

ಕನ್ಯಾಸ್ತ್ರೀಯರು ನಡೆಸುವ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅಂದು ನೂರು ತುಂಬಿತ್ತು. ಒಂಬತ್ತು ವರ್ಷದಿಂದ ಹಂಗಾಮಿಯಾಗಿಯೇ ಉಳಿದಿದ್ದ ಚರಿತ್ರೆ ಮೇಷ್ಟ್ರ ಕೈಗೆ ಶಾಲೆಯ ಇತಿಹಾಸ ಬರೆಯುವ ಕೆಲಸ ಬಂದಿತ್ತು. ಪುಸ್ತಕ ಎಲ್ಲರಿಗೂ ಹಿಡಿಸಿದರೆ ನೌಕರಿ ಕಾಯಂ ಎಂದು ಸಿಸ್ಟರ್ ಮಾತು ಕೊಟ್ಟಿದ್ದರು. ಆಡುವುದನ್ನೆಲ್ಲ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದಂತೆ ಮೆಲ್ಲಗೆ ಆಡುವ ಮೇಷ್ಟ್ರಿಗೆ ಹುಡುಗಿಯರು ಇಟ್ಟ ಹೆಸರು ಅಡಿಟಿಪ್ಪಣಿ.

ನೂರು ವರ್ಷದ ಕಡತಗಳಲ್ಲಿ ಅವರಿಗೆ ಉಸಿರಾಡುವ ಸಂಗತಿ ಸಿಕ್ಕಿದ್ದು ಒಂದೇ. ಅರವತ್ತು ವರ್ಷದ ಹಿಂದೆ, ಹುಡುಗಿಯರು ರಸ್ತೆ ನೋಡಬಾರದೆಂದು ಕಿಟಕಿ ಗಾಜಿಗೆಲ್ಲ ಹಸಿರು ಬಣ್ಣ ಬಳಿಸಿದ್ದರು. ಹತ್ತನೇ ತರಗತಿಯ ನಲವತ್ತಮೂರು ಹುಡುಗಿಯರು ಒಂದು ಬೆಳಿಗ್ಗೆ ಪ್ರಾರ್ಥನೆಗೆ ಹೋಗದೆ, ಹೇರ್‌ಪಿನ್ನಿನಿಂದ ಅದನ್ನು ಕೆರೆದು ಹಾಕಿದರು. ಮುಂದಾಳಾಗಿದ್ದವಳನ್ನು ಶಾಲೆಯಿಂದ ಹೊರಹಾಕಿದರು. ಗಾಜಿಗೆ ಮಾತ್ರ ಮತ್ತೆ ಬಣ್ಣ ಮುಟ್ಟಿಸುವ ಧೈರ್ಯ ಯಾರಿಗೂ ಬರಲಿಲ್ಲ.

"ಇದೇನ್ರೀ ಮೇಷ್ಟ್ರೇ! ನೂರನೇ ವರ್ಷಕ್ಕೆ ಮನೆ ಜಗಳ ಅಚ್ಚು ಹಾಕಿಸ್ತಾರಾ?"

"ನಡೆದದ್ದು, ಸಿಸ್ಟರ್..."

"ನಡೆದದ್ದೆಲ್ಲಾ ಇತಿಹಾಸ ಅಲ್ಲ. ಸಂಜೆ ಬರೋ ಅತಿಥಿ ನಮ್ಮ ಹಳೇ ವಿದ್ಯಾರ್ಥಿನಿ, ಹೊಸ ಕಟ್ಟಡ ಕಟ್ಟಿಸಿಕೊಡೋರು. ಅಂಥ ಹಿರಿಯರು ಇದನ್ನ ಓದಿದ್ರೆ ಏನಂದ್ಕೋತಾರೆ?"

ಮೂವತ್ತೆರಡನೇ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಪೆನ್ಸಿಲ್ ಹರಿಯಿತು.

ಪುಟ ಖಾಲಿಯಾದ ಸುದ್ದಿ ಕಾರಿಡಾರಿನಲ್ಲಿ ಹಬ್ಬಿತು. ಮೊದಲು ಬಂದವರು ಗುಮಾಸ್ತರು. "ಸಾರ್, ನೀರಿನ ಟ್ಯಾಂಕ್ ಹಾಕಿ. ನಾನೇ ಬಿಸಿಲಲ್ಲಿ ನಿಂತು ಕಟ್ಟಿಸಿದ್ದು. ಇವತ್ತಿಗೂ ಒಂದು ಹನಿ ಸೋರಿಲ್ಲ."

"ಟ್ಯಾಂಕಂತೆ ಟ್ಯಾಂಕು!" ಹಿಂದೆಯೇ ಬಂದ ಹೊಲಿಗೆ ಟೀಚರ್ ಮೂಗು ಮುರಿದರು. "ಚಾಪೆಲ್ಲಿನ ಪೀಠಕ್ಕೆ ನಾನು ಕಸೂತಿ ಹಾಕಿದ ಬಟ್ಟೆ ಇತಿಹಾಸ ಅಲ್ವಾ? ಅದಕ್ಕೆ ಕಣ್ಣು ಕಳ್ಕೊಂಡಿದೀನಿ ಕಣ್ರೀ!"

ಅಷ್ಟರಲ್ಲಿ ಪ್ರೆಸ್ಸಿನವನ ಫೋನು. "ಸಾರ್, ಆ ಒಂದು ಪುಟ ಬಿಟ್ಟು ಎಲ್ಲಾ ಅಚ್ಚಾಗಿದೆ. ಇನ್ನು ಅರ್ಧ ಗಂಟೆ. ಆಮೇಲೆ ನನ್ನ ಬೈಬೇಡಿ."

ಯಾರನ್ನೂ ನೋಯಿಸಲಾರದ ಮೇಷ್ಟ್ರು, ಟ್ಯಾಂಕಿನ ಮುಂದೆ ಟೀಚರನ್ನು ನಿಲ್ಲಿಸಿ, ಬಟ್ಟೆ ಬಿಡಿಸಿ ಹಿಡಿಸಿ ಫೋಟೋ ತೆಗೆದರು. ಗಾಳಿ ಬೀಸಿ ಬಟ್ಟೆ ಟೀಚರ ತಲೆಗೆ ಸುತ್ತಿಕೊಂಡಿತು. ಚಿತ್ರದಲ್ಲಿ ಟ್ಯಾಂಕಿಗೆ ದೆವ್ವ ಮೆತ್ತಿಕೊಂಡಂತೆ ಕಂಡರೂ ಇನ್ನೊಂದು ತೆಗೆಯಲು ಹೊತ್ತಿರಲಿಲ್ಲ.

ಸಂಜೆ ವೇದಿಕೆಯ ಬ್ಯಾನರಿನಲ್ಲಿ ಅತಿಥಿಯ ಹೆಸರಿನ ಕೆಳಗೆ 'ಶಿಸ್ತಿಗೆ ಮಾದರಿ' ಎಂದಿತ್ತು. ಊರುಗೋಲು ಹಿಡಿದ ಆ ಮುದುಕಿ ಪುಸ್ತಕ ಬಿಡುಗಡೆ ಮಾಡಿ, ಕನ್ನಡಕ ಏರಿಸಿ ಅಲ್ಲೇ ಹಾಳೆ ತಿರುವತೊಡಗಿದರು. ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬಂದರು.

"ನಮ್ಮ ಕಿಟಕಿ ಎಲ್ಲಿ?"

"ಯಾವ ಕಿಟಕಿ, ಅಮ್ಮಾ?" ಸಿಸ್ಟರ್ ಬಾಗಿದರು.

"ಹೇರ್‌ಪಿನ್ನಲ್ಲಿ ಕೆರೆದಿದ್ದು! ನನ್ನ ಹೊರಗೆ ಹಾಕಿದ್ದು ಅದಕ್ಕೇ ತಾನೇ? ಮದುವೆ ಆದ್ಮೇಲೆ ಹೆಸರು ಬದಲಾಯ್ತು, ನಿಮಗೆ ಗೊತ್ತಾಗಿಲ್ಲ. ಅದನ್ನ ಅಚ್ಚಲ್ಲಿ ನೋಡ್ಬೇಕು ಅಂತಾನೇ ಬಂದೆ. ಇಲ್ನೋಡಿದ್ರೆ ಟ್ಯಾಂಕಿಗೆ ಬಟ್ಟೆ ಉಡ್ಸಿದೀರಿ!"

ಹುಡುಗಿಯರ ಚಪ್ಪಾಳೆಗೆ ಸೂರು ಹಾರುವಂತಾಯಿತು. ಸಿಸ್ಟರ್ ಕಣ್ಣು ಕೂಡ ಮಿಟುಕಿಸಲಿಲ್ಲ.

"ನಾನೂ ಅದನ್ನೇ ಹುಡುಕ್ತಿದೀನಮ್ಮಾ! ಮೇಷ್ಟ್ರೇ, ಇಂಥಾ ಹೆಮ್ಮೆಯ ವಿಷಯ ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ?"

ಮುದುಕಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. "ಕಣ್ಣಿಗೆ ಬಿದ್ದೇ ಇರುತ್ತೆ, ಬರೆಯೋಕೆ ಹೆದರಿಕೆ. ಇಷ್ಟು ಪುಕ್ಕಲಾದ್ರೆ ಹೇಗಪ್ಪಾ? ಸಿಸ್ಟರ್, ಕಟ್ಟಡ ಕಟ್ಟಿಸಿಕೊಡ್ತೀನಿ. ಆದ್ರೆ ಹುಡುಗೀರಿಗೆ ಚರಿತ್ರೆ ಹೇಳೋಕೆ ಸ್ವಲ್ಪ ಎದೆಗಾರಿಕೆ ಇರೋರನ್ನ ಇಟ್ಕೊಳ್ಳಿ."

"ಖಂಡಿತಾ ಅಮ್ಮಾ. ಈ ತಿಂಗಳಿಂದಾನೇ."

ಮೇಷ್ಟ್ರ ಜೇಬಿನಲ್ಲಿ ಆ ಪುಟ ನಾಲ್ಕು ಮಡಿಕೆಯಾಗಿ ಕೂತಿತ್ತು. ಕೈ ಜೇಬಿಗೆ ಹೋಯಿತು, ಕರವಸ್ತ್ರ ಹಿಡಿದು ಹೊರಬಂತು. ಕೆಂಪು ಗೀಟು ಎಳೆದವರು ಸಿಸ್ಟರ್ ಎಂದು ಅವರು ಆ ಸಂಜೆಯೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.